ಶಾಲೆ ಬಿಟ್ಟ ಕಾರಣ

ಮುಲುಂಡ್‌ನಲ್ಲಿ ಯಾರಾದರೂ "ನಿಮ್ಮ ಊರು ಯಾವುದು?" ಎಂದು ಕೇಳಿದರೆ "ಕೋಲಾರದ ಕಡೆ" ಎಂದು ಹೇಳಿ ಸುಮ್ಮನಾಗುತ್ತೇನೆ. ಕೆಜಿಎಫ್ ಎಂದರೆ ಸಾಕು, ಎದುರಿನವರು ಸಿನಿಮಾದ ಡೈಲಾಗ್ ಹೊಡೆಯುತ್ತಾರೆ. 2018ರಿಂದೀಚೆಗೆ ನಮ್ಮೂರಿನ ಹೆಸರು ಎಲ್ಲರಿಗೂ ಗೊತ್ತು, ಊರು ಮಾತ್ರ ಗೊತ್ತಿಲ್ಲ. ನಿಜ ಹೇಳಬೇಕೆಂದರೆ ನಾನೂ ಅಲ್ಲಿ ಚಿನ್ನ ನೋಡಿದವನಲ್ಲ. ನಾನು ನೋಡಿದ್ದು ಶಾಲೆ. ಅಪ್ಪ ಅಲ್ಲಿ ಕನ್ನಡ ಮೇಷ್ಟ್ರು.

ಹೋದ ವರ್ಷ ಒಂದು ಮದುವೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಹಳೆಯ ಗೆಳೆಯನ ಫೋನ್ ಬಂತು. ಒಂದರಿಂದ ಏಳರವರೆಗೆ ಪಕ್ಕಪಕ್ಕ ಕೂತವರು ನಾವು.

"ಮೇಷ್ಟ್ರ ಮಗನೇ, ಒಂದು ದಿನ ಬಿಡುವು ಮಾಡ್ಕೊಂಡು ಬಾರೋ. ನಮ್ಮ ಸ್ಕೂಲ್ ಹುಡುಕ್ಬೇಕು."

ಅವನಿಗೆ ಐವತ್ತೆಂಟು ತುಂಬಿ ಪಿಂಚಣಿ ಬರಬೇಕಿತ್ತು. ಒಂದು ಕಾಗದದಲ್ಲಿ ಒಂದು ಹುಟ್ಟಿದ ತಾರೀಖು, ಇನ್ನೊಂದರಲ್ಲಿ ಇನ್ನೊಂದು. "ಶಾಲೆಯ ದಾಖಲೆ ತನ್ನಿ" ಎಂದು ಕಳಿಸಿಬಿಟ್ಟಿದ್ದರು. ಶಾಲೆ ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ರೈಲು ಹತ್ತಿದೆವು. ಬೆಳಗಿನ ಜಾವ ಇದೇ ದಾರಿಯಲ್ಲಿ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ವಾಪಸಾಗುತ್ತಾರೆ. ನಮ್ಮ ಸೆಂಟ್ರಲ್ ಲೈನಿನ ಜನರಂತೆಯೇ. ನನ್ನ ಗೆಳೆಯನೂ ಇಪ್ಪತ್ತು ವರ್ಷ ಹಾಗೆ ಓಡಾಡಿ ಸೆಕ್ಯುರಿಟಿ ಕೆಲಸ ಮಾಡಿದವನು. ಅದಕ್ಕೆ ಮೊದಲು ಅವನು ಭೂಮಿಯೊಳಗೆ ಇಳಿಯುತ್ತಿದ್ದ.

ಜಾನ್ ಟೇಲರ್ ಕಂಪನಿ 1880ರಲ್ಲಿ ಇಲ್ಲಿ ಗಣಿ ಕೆಲಸಕ್ಕೆ ಕೈಹಾಕಿತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂತು, ಬೆಂಗಳೂರಿಗಿಂತ ಮೊದಲು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ದೊರೆಗಳಿಗೆ ಬಂಗಲೆ, ಕ್ಲಬ್ಬು. ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದ ಕೂಲಿಗಳಿಗೆ ಸಾಲುಸಾಲು ಲೈನ್ ಮನೆಗಳು, ಒಂದೊಂದು ಒಂದೇ ಕೋಣೆ. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ನಾವಿಬ್ಬರೂ ಒಂದನೇ ಕ್ಲಾಸು ಸೇರಿದ್ದೂ ಅದೇ ವರ್ಷ.

ಲೈನ್ ಮನೆಗಳಲ್ಲಿ ತಮಿಳೇ ಹೆಚ್ಚು, ಅದರ ಜೊತೆ ತೆಲುಗು. ಅಪ್ಪ ಜೂನ್ ಬಂತೆಂದರೆ ಮನೆಮನೆಗೆ ಹೋಗಿ ಅವರ ಭಾಷೆಯಲ್ಲೇ ಮಾತಾಡಿ ಮಕ್ಕಳನ್ನು ಕನ್ನಡ ಶಾಲೆಗೆ ಕರೆತರುತ್ತಿದ್ದರು. ಹುಟ್ಟಿದ ದಿನ ತಾಯಂದಿರಿಗೆ ಗೊತ್ತಿರುತ್ತಿರಲಿಲ್ಲ. "ದೊಡ್ಡ ಮಳೆ ಬಂದ ವರ್ಷ ಸಾರ್" ಎನ್ನುತ್ತಿದ್ದರು. ಅಪ್ಪ ಲೆಕ್ಕ ಹಾಕಿ ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ನಮ್ಮ ತರಗತಿಯ ಅರ್ಧ ಮಕ್ಕಳ ಹುಟ್ಟುಹಬ್ಬ ಒಂದೇ ದಿನ.

ಶಾಲೆ ಸಿಕ್ಕಿತು. ಹೆಂಚು ಹೋಗಿದೆ, ಬಾಗಿಲು ಕಿಟಕಿಗಳ ಚೌಕಟ್ಟನ್ನೂ ಕಿತ್ತೊಯ್ದಿದ್ದಾರೆ. ಒಳಗೆ ಜಾಲಿ ಬೆಳೆದಿದೆ. ಗೋಡೆಗೆ ಸಿಮೆಂಟು ಮೆತ್ತಿ ಕಪ್ಪು ಬಳಿದಿದ್ದ ಬೋರ್ಡು ಮಾತ್ರ ಕೀಳಲಾಗದೆ ಉಳಿದಿದೆ. ಹಿಂದೆ ಅದೇ ಸೈನೈಡ್ ದಿಬ್ಬ. ಬೇಸಿಗೆಯ ಗಾಳಿಗೆ ಅದರ ಬೂದು ಧೂಳು ಹಾರಿ ಬಂದು ಸ್ಲೇಟಿನ ಮೇಲೆ ಕೂರುತ್ತಿತ್ತು, ಒರೆಸಿ ಬರೆಯುತ್ತಿದ್ದೆವು.

ಗೆಳೆಯ ಬೋರ್ಡಿನ ಮುಂದೆ ನಿಂತು, "ಇಲ್ಲೇ ಕೂತಿದ್ದೆ, ಆವತ್ತು ಸಂಗು ಊದಿದಾಗ" ಎಂದ.

ಪಾಳಿಗೆ ಊದುವ ಸಂಗು ನಮಗೆ ಗಡಿಯಾರವಿದ್ದಂತೆ. ಹೊತ್ತಲ್ಲದ ಹೊತ್ತಿನಲ್ಲಿ ಊದಿತೆಂದರೆ ಒಳಗೆ ಬಂಡೆ ಸಿಡಿದಿದೆ ಎಂದರ್ಥ. ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಹೆಂಗಸರು ಶಾಫ್ಟಿನ ಕಡೆ ಓಡುತ್ತಿದ್ದರು. ಅಪ್ಪ ಪಾಠ ನಿಲ್ಲಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದರು, ಯಾವ ಮಗುವನ್ನು ಕರೆಯಲು ಬರುತ್ತಾರೋ ಎಂದು. ಏಳನೇ ಕ್ಲಾಸಿನಲ್ಲಿ ಒಂದು ದಿನ ಅವನನ್ನು ಕರೆಯಲು ಬಂದರು.

ದಾಖಲೆಗಳನ್ನು ಹತ್ತಿರದ ಇನ್ನೊಂದು ಶಾಲೆಗೆ ಸೇರಿಸಿದ್ದಾರೆಂದು ಯಾರೋ ಹೇಳಿದರು. ಅಲ್ಲಿನ ಹೆಡ್‌ಮೇಡಂ ಬೀರುವಿನ ತಳದಿಂದ ಎರಡು ದಪ್ಪ ದಾಖಲಾತಿ ರಿಜಿಸ್ಟರ್ ತೆಗೆದು ಧೂಳು ಕೊಡವಿದರು. ತೆರೆದ ಕೂಡಲೇ ಅಪ್ಪನ ಅಕ್ಷರ. ಅವರು ಹೋಗಿ ಹದಿನಾಲ್ಕು ವರ್ಷವಾಗಿತ್ತು.

ಗೆಳೆಯನ ಹೆಸರು ಸಿಕ್ಕಿತು. ಹುಟ್ಟಿದ ದಿನ: 1-6-1966. ತಂದೆಯ ಉದ್ಯೋಗ: ಗಣಿ ಕೂಲಿ. ಕೊನೆಯ ಕಾಲಂ, ಶಾಲೆ ಬಿಟ್ಟ ಕಾರಣ: "ತಂದೆಯ ಮರಣ." ಅವನು ಆ ಎರಡು ಪದಗಳ ಮೇಲೆ ಬೆರಳಿಟ್ಟು ತುಂಬಾ ಹೊತ್ತು ಕೂತಿದ್ದ. "ಮೇಷ್ಟ್ರು ಮನೆಗೆ ಬಂದು ಅಮ್ಮನ ಹತ್ರ ಬೇಡ್ಕೊಂಡ್ರು ಕಣೋ, ಬಿಡಿಸ್ಬೇಡಿ ಅಂತ" ಎಂದ. ಅದು ನನಗೆ ಗೊತ್ತಿರಲಿಲ್ಲ.

ಮೇಡಂ ನಕಲು ಬರೆಯುವಷ್ಟರಲ್ಲಿ ನಾನು ಆ ಕೊನೆಯ ಕಾಲಂ ಒಂದನ್ನೇ ಓದುತ್ತಾ ಹೋದೆ. "ಮನೆಯ ಕಷ್ಟ." "ತಮ್ಮನನ್ನು ನೋಡಿಕೊಳ್ಳಲು." "ಹೈಸ್ಕೂಲಿಗೆ." ಎರಡನೇ ರಿಜಿಸ್ಟರಿನಲ್ಲಿ ಬೇರೆ ಅಕ್ಷರ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲಿನ ಪುಟಗಳಲ್ಲಿ ಒಂದರ ಕೆಳಗೊಂದು ಅದೇ ಮಾತು: "ಊರು ಬಿಟ್ಟಿದ್ದರಿಂದ." ಕೆಲವು ಕಡೆ ಬರೆಯಲು ಬೇಸರವಾಗಿ ಬರೀ ಮೇಲಿನಂತೆ ಎಂಬ ಗುರುತು. ಊರು ಖಾಲಿಯಾದ ಕಥೆಯನ್ನು ಇಷ್ಟು ಚಿಕ್ಕದಾಗಿ ನಾನು ಬೇರೆಲ್ಲೂ ಓದಿಲ್ಲ.

ನನ್ನ ಹೆಸರೂ ಇತ್ತು. ಕಾರಣ: "ಮುಂದಿನ ಓದಿಗೆ." ಮಗನ ವಿಷಯದಲ್ಲೂ ಒಂದು ಅಕ್ಷರ ಹೆಚ್ಚಿಲ್ಲ.

ಮುಲುಂಡ್‌ಗೆ ಮರಳುವ ರೈಲಿನಲ್ಲಿ ಅದೇ ಯೋಚನೆ. 1988ರಲ್ಲಿ ನಾನು ಕೆಲಸಕ್ಕೆ ಸೇರಿದ ಎಲ್‌ಬಿಎಸ್ ರಸ್ತೆಯ ಕಾರ್ಖಾನೆ ಈಗಿಲ್ಲ, ಆ ಜಾಗದಲ್ಲಿ ಎತ್ತರದ ಕಟ್ಟಡ ಬಂದಿದೆ. ಮಗಳನ್ನು ಶಾಲೆಗೆ ಸೇರಿಸುವಾಗ ನಡೆದು ಹೋಗುವಷ್ಟು ಹತ್ತಿರದಲ್ಲಿ ಕನ್ನಡ ಮಾಧ್ಯಮವಿತ್ತು. ನಾನು ಇಂಗ್ಲಿಷ್ ಶಾಲೆಗೆ ಸೇರಿಸಿದೆ. ಅಪ್ಪ ಫೋನಿನಲ್ಲಿ "ಆಯ್ತಪ್ಪ" ಅಂದರು, ಅಷ್ಟೇ. ಕಾರಣ ಕೇಳಲಿಲ್ಲ. ಬೇರೆಯವರ ಮಕ್ಕಳಿಗಾಗಿ ಬಾಗಿಲು ಬಾಗಿಲಿಗೆ ಹೋಗಿ ಬೇಡಿದವರು ನನ್ನ ಬಾಗಿಲಿಗೆ ಬರಲಿಲ್ಲ. ಕೇಳಿದ್ದರೂ ನನ್ನ ಹತ್ತಿರ ಆ ಕಾಲಂನಲ್ಲಿ ಹಿಡಿಸುವಂಥ ಉತ್ತರವಿರಲಿಲ್ಲ.

ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿ ಮ್ಯಾಟ್ರಿಕ್ ಮುಗಿಸಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಇದನ್ನು ಓದುವ ನಿಮ್ಮಲ್ಲಿ ಯಾರಾದರೂ ಅಂಥ ಶಾಲೆಯಲ್ಲಿ ಓದಿದ್ದರೆ, ಅದು ಮುಚ್ಚಿದ್ದರೆ, ರಿಜಿಸ್ಟರ್ ಎಲ್ಲಿದೆ ಎಂದು ಒಮ್ಮೆ ವಿಚಾರಿಸಿ. ನಿಮ್ಮ ಪುಟದ ನಕಲು ತೆಗೆದಿಡಿ. ಕಟ್ಟಡ ನಿಲ್ಲುವುದಿಲ್ಲ.

ಮೂರು ತಿಂಗಳ ನಂತರ ಗೆಳೆಯನ ಫೋನ್: "ಪಿಂಚಣಿ ಬಂತು ಕಣೋ. ಮೇಷ್ಟ್ರು ಬರೆದಿದ್ದೇ ಲೆಕ್ಕಕ್ಕೆ ಬಂತು."

ಜೂನ್ 1ಕ್ಕೆ ನಾನೇ ಅವನಿಗೆ ಫೋನ್ ಮಾಡಿ ಹುಟ್ಟುಹಬ್ಬದ ಶುಭಾಶಯ ಹೇಳಿದೆ. ಇಬ್ಬರೂ ನಕ್ಕೆವು.