ಹಿರಿಯರ ಭಾವಚಿತ್ರವೂ ಕಪ್ಪು ಶಾಯಿಯೂ

ಬಣ್ಣದ ಚಿತ್ರದಲ್ಲಿ ಶಾಯಿಯ ದೋಷವನ್ನು ಕಣ್ಣು ಕ್ಷಮಿಸುವುದುಂಟು. ಕಪ್ಪು-ಬಿಳುಪಿನ ಚಿತ್ರದಲ್ಲಿ ಅದು ಎಂದಿಗೂ ಕ್ಷಮಿಸದು. ನಮ್ಮ ಅಜ್ಜಿಯವರದೆಂದು ಉಳಿದಿರುವುದು ಒಂದೇ ಭಾವಚಿತ್ರ. ಅದೂ ಮಾಸುತ್ತಲಿರುವುದರಿಂದ ಪ್ರತಿಯೊಂದನ್ನು ಮಾಡಿಸಬೇಕೆಂಬುದು ನನ್ನ ತಾಯಿಯವರ ಬಹುದಿನದ ಆಸೆ. ಮನೆಯ ಸಾಮಾನ್ಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ಅಚ್ಚುಹಾಕಲು, ಹಗಲಿನಲ್ಲಿ ಸರಿಯಾಗಿಯೇ ಕಂಡ ಮುಖವು ರಾತ್ರಿ ದೀಪದ ಬೆಳಕಿನಲ್ಲಿ ಹಸುರಾಗಿ ತೋರಿತು. “ಇದು ನಮ್ಮಮ್ಮನ ಮುಖವಲ್ಲ” ಎಂದರು ತಾಯಿ.

ಇದರ ಕಾರಣವು ಗೂಢವಾದುದಲ್ಲ. ಇಂತಹ ಯಂತ್ರಗಳು ಬೂದುಬಣ್ಣವನ್ನು ಬಹುಮಟ್ಟಿಗೆ ಬಣ್ಣದ ಶಾಯಿಗಳನ್ನು ಬೆರಸಿಯೇ ಹುಟ್ಟಿಸುತ್ತವೆ. ಬೆಳಕು ಬದಲಾದಂತೆ ಆ ಬೆರಕೆಯೂ ಬೇರೆಯಾಗಿ ತೋರುವುದು. 2005ರಲ್ಲಿ ಬಂದ ಎಪ್ಸನ್ ಆರ್2400 ಯಂತ್ರದಲ್ಲಿ ಕಪ್ಪು, ತಿಳಿಗಪ್ಪು, ಅತಿ ತಿಳಿಗಪ್ಪು ಎಂಬ ಮೂರು ಶಾಯಿಗಳು ಒಟ್ಟಿಗೆ ಕೆಲಸಮಾಡುತ್ತಿದ್ದುವು. ಈ ಬಗೆಯ ಯಂತ್ರಗಳಲ್ಲಿ ಬಣ್ಣದ ಪಾಲು ಅತ್ಯಲ್ಪವಾದುದರಿಂದ ಮುಖದ ಛಾಯೆಯು ಸ್ಥಿರವಾಗಿ ನಿಲ್ಲುವುದು.

ಕಾಗದದ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಕಣ್ಣು ಕೋರೈಸುವ ಬಿಳುಪಿಗಾಗಿ ಬೆರಸಿದ ರಾಸಾಯನಿಕ ದ್ರವ್ಯಗಳು ಕಾಲಕ್ರಮದಲ್ಲಿ ಕುಂದಿ, ಕಾಗದವು ಹಳದಿಯಾಗಿ ತೋರುವುದುಂಟು. ಅಂತಹ ದ್ರವ್ಯಗಳಿಲ್ಲದ, ಆಮ್ಲರಹಿತವಾದ ಹತ್ತಿಯ ಕಾಗದವು ಬೆಲೆಯಲ್ಲಿ ಹೆಚ್ಚಾದರೂ ಬಾಳಿಕೆಯಲ್ಲಿ ಮೇಲು. ಹೊಳಪಿನ ಕಾಗದಕ್ಕೆ ಒಂದು ಕಪ್ಪು ಶಾಯಿ, ಹೊಳಪಿಲ್ಲದುದಕ್ಕೆ ಮತ್ತೊಂದು ಎಂಬುದನ್ನೂ ಮರೆಯಬಾರದು.

ವರ್ಷಕ್ಕೆ ನಾಲ್ಕಾರು ಚಿತ್ರಗಳನ್ನು ಮಾತ್ರ ಅಚ್ಚುಹಾಕುವ ಗೃಹಸ್ಥರು ಇಷ್ಟು ಬೆಲೆಯ ಯಂತ್ರವನ್ನು ಕೊಳ್ಳುವುದು ಉಚಿತವಲ್ಲ. ಬಳಸದೆ ಇಟ್ಟರೆ ಶಾಯಿಯು ಒಣಗಿ ಸೂಕ್ಷ್ಮರಂಧ್ರಗಳು ಕಟ್ಟಿಕೊಳ್ಳುವುವು. ಅನುಕೂಲವಾದ ಸ್ಟುಡಿಯೋ ಒಂದಕ್ಕೆ ಹೋಗಿ, “ಬೂದು ಶಾಯಿಗಳೆಷ್ಟು? ಕಾಗದವು ಹತ್ತಿಯದೇ?” ಎಂದು ಮೊದಲೇ ವಿಚಾರಿಸಿದರೆ ಸಾಕು. ಗೋಡೆಯ ಮೇಲಿನ ಹಿರಿಯರನ್ನು ಮೊಮ್ಮಕ್ಕಳೂ ನೋಡಬೇಕಲ್ಲವೇ?