ಪರಸ್ಥಳದ ನೀರು

ಪರಸ್ಥಳಕ್ಕೆ ಹೋಗಿ ಬಂದವರ ಹೊಟ್ಟೆ ಕೆಟ್ಟಿತೆಂದರೆ ಮನೆಯ ಹಿರಿಯರು ಹೇಳುವ ಮಾತು ಒಂದೇ: “ಆ ಊರಿನ ನೀರು ಒಗ್ಗಲಿಲ್ಲ.” ತುಮಕೂರಿನಿಂದ ಉತ್ತರಕ್ಕೆ ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡಗಳ ಸಂಚಾರಕ್ಕೆ ಹೊರಟ ಸಂಸಾರವು ಈ ಮಾತನ್ನು ಕೊಂಚ ಬಿಡಿಸಿ ನೋಡುವುದು ಲೇಸು. ಈ ಸೀಮೆಯಲ್ಲಿ ನೀರಿನ ದೋಷವು ಎರಡು ಬಗೆ. ಒಂದರ ಮದ್ದು ಮತ್ತೊಂದಕ್ಕೆ ನಾಟದು.

ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟವು ಗಿಡಮೂಲಿಕೆಗಳಿಗೆ ಹೆಸರಾದುದು. ಅಲ್ಲಿಯ ಗುಹೆಯ ನೀರನ್ನು ಭಕ್ತರು ರೋಗಹರವೆಂದು ನಂಬುತ್ತಾರೆ. ಅದನ್ನು ತಲೆಗೆ ಪ್ರೋಕ್ಷಿಸಿಕೊಂಡರೆ ಭಕ್ತಿಗೇನೂ ಕೊರತೆಯಾಗದು. ಬಾಯಾರಿಕೆಗೆ ಮಾತ್ರ ಮನೆಯಿಂದ ತಂದ ನೀರೇ ಇರಲಿ. ತಿಳಿಯಾದ ನೀರೆಲ್ಲ ಶುದ್ಧವಲ್ಲ. ವಾಂತಿಭೇದಿ, ವಿಷಮಶೀತಜ್ವರ, ಒಂದು ಬಗೆಯ ಕಾಮಾಲೆ, ಇವುಗಳ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವಂಥವಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟದ ಎತ್ತರ 3,930 ಅಡಿ. ಬಿಸಿಲೇರಿದ ಬಂಡೆಯ ಮೇಲೆ ಅರ್ಧ ಹತ್ತುವಷ್ಟರಲ್ಲಿ ಗಂಟಲು ಒಣಗುತ್ತದೆ. ದೊಣೆಯಲ್ಲಿ ನಿಂತ ಮಳೆನೀರು ಎಷ್ಟು ಕರೆದರೂ ಅದಕ್ಕೆ ಬಾಯಿಡಬಾರದು. ಇದು ಪಟ್ಟಣದವರ ನಾಜೂಕಿನ ಮಾತಲ್ಲ. ಇದೇ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ 2024ರ ಜೂನ್ ತಿಂಗಳಲ್ಲಿ, ಜಾತ್ರೆಯ ಬೆನ್ನಿಗೇ ವಾಂತಿಭೇದಿ ಹರಡಿ ಅನೇಕರು ಆಸ್ಪತ್ರೆ ಸೇರಿದರು; ಸಾವುಗಳೂ ಸಂಭವಿಸಿದವು. ಕಲುಷಿತ ನೀರಿನ ಮೇಲೆ ಶಂಕೆ ಹೋಯಿತು. ಊರವರನ್ನೇ ಬಿಡದ ನೀರು ನೆಂಟರನ್ನು ಬಿಟ್ಟೀತೆ? ಜಾತ್ರೆಯ ಅರವಟ್ಟಿಗೆಯಲ್ಲಿ ಆದರದಿಂದ ನೀಡುವ ಪಾನಕ, ನೀರುಮಜ್ಜಿಗೆಗಳನ್ನು ಬೇಡವೆನ್ನುವುದು ಕಷ್ಟವೇ ಸರಿ. ಆದರೂ ಹಸಿನೀರು ಬೆರೆತಿದ್ದರೆ ಕೈಮುಗಿದು ಮುಂದೆ ಸಾಗುವುದೇ ಕ್ಷೇಮ. ಕೊತಕೊತನೆ ಒಂದು ನಿಮಿಷ ಕುದಿಸಿ ಆರಿಸಿದ ನೀರು ಇಂಥ ರೋಗಗಳಿಗೆ ತಡೆ. ಬರಿಯ ಬಟ್ಟೆಯಲ್ಲಿ ಸೋಸಿದರೆ ಸಾಲದು.

ಶಿರಾದಲ್ಲಿ 1696ರ ಜುಮ್ಮಾ ಮಸೀದಿಯನ್ನೂ ಮಲಿಕ್ ರಿಹಾನನ ಗೋರಿಯನ್ನೂ ನೋಡಿ ಹಸಿದವರಿಗೆ, ಹಬೆಯಾಡುವ ರಾಗಿಮುದ್ದೆ ಮತ್ತು ಕುದಿಯುವ ಸಾರಿಗಿಂತ ನಿರಪಾಯವಾದ ಊಟವಿಲ್ಲ. ಹುರಿದ ಕಡಲೆಕಾಯಿ, ಕಣ್ಣೆದುರೇ ಕೊಚ್ಚಿಸಿದ ಎಳನೀರು, ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಇವೂ ಒಳ್ಳೆಯವೇ. ಬೆಳಗಿನಿಂದ ಇಟ್ಟ ಚಟ್ನಿ, ಹೆಚ್ಚಿಟ್ಟ ಹಣ್ಣು, ಮಂಜುಗಡ್ಡೆ ಹಾಕಿದ ಕಬ್ಬಿನಹಾಲು ಬೇಡ. ಉಣ್ಣುವ ಮುನ್ನ ಸಾಬೂನಿನಿಂದ ಕೈ ತೊಳೆಯಬೇಕೆಂದು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಕಡಿಮೆಯೇ.

ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡದಲ್ಲಿ ಕಥೆ ಬೇರೆ. ಅಲ್ಲಿಯ ಕೊಳವೆಬಾವಿಗಳ ನೀರಿನಲ್ಲಿ ಕಲ್ಲಿನಿಂದ ಕರಗಿ ಬಂದ ಫ್ಲೋರೈಡ್ ಉಂಟು. ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ತುಸು ಏರುತ್ತದೆ. ಎರಡು ದಿನದ ಅತಿಥಿಗೆ ಇದರಿಂದ ಭಯವಿಲ್ಲ. ವರ್ಷಗಟ್ಟಲೆ ಅದನ್ನೇ ಕುಡಿಯಬೇಕಾದವರ ಹಲ್ಲುಗಳಲ್ಲಿ ಕಲೆ ಮೂಡುತ್ತದೆ, ಮೂಳೆ ಕೀಲುಗಳು ಬಿಗಿಯುತ್ತವೆ. ಶುದ್ಧ ನೀರಿನ ಘಟಕದ ಮುಂದೆ ಕ್ಯಾನುಗಳನ್ನು ಹಿಡಿದು ನಿಂತವರನ್ನು ಕಂಡಾಗ ಪ್ರವಾಸಿಯು ಈ ಸಂಗತಿಯನ್ನು ನೆನೆಯಬೇಕು.

ಎಷ್ಟು ಎಚ್ಚರವಿದ್ದರೂ ಭೇದಿ ಹಿಡಿದರೆ ಮೊದಲ ಮದ್ದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಾಬಿಸ್ ಅವರು ಇಂಥ ದ್ರಾವಣದಿಂದಲೇ ಅಸಂಖ್ಯ ಕಾಲರಾ ರೋಗಿಗಳನ್ನು ಉಳಿಸಿದರು. ಪೊಟ್ಟಣ ಸಿಗದಿದ್ದರೆ, ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ಮಗುವಿನ ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮುಂದಿನ ಊರು ನೋಡುವ ಆಸೆ ಬಿಟ್ಟು ಒಡನೆಯೇ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು. ನಾಲ್ಕು ಊರುಗಳಲ್ಲಿಯೂ ಅದು ಉಂಟು.