ಅಪ್ಪನ ಹಳೇ ಸೀಮೆಎಣ್ಣೆ ಇಂಜಿನ್

ಹೋದ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟು 4 ದಿನ ಮೋಟಾರ್ ಓಡಲಿಲ್ಲ. ಹುರುಳಿಕಾಯಿ ಹೂವಿಗೆ ಬಂದಿತ್ತು. ಕೃಷಿ ಹೊಂಡದಲ್ಲಿ ನೀರಿದೆ, ಎತ್ತೋಕೆ ದಾರಿ ಇಲ್ಲ. ಆಗ ನೆನಪಾಗಿದ್ದು ಅಪ್ಪ ಕೆರೆ ನೀರು ಎತ್ತುತ್ತಿದ್ದ ಇಂಜಿನ್. ಪೆಟ್ರೋಲಲ್ಲಿ ಸ್ಟಾರ್ಟ್, ಸೀಮೆಎಣ್ಣೇಲಿ ಓಟ. ಕರಾವಳಿ ಕಡೆ ನಾಡದೋಣಿ ಹಿಂದೆ ಕಟ್ಟೋದೂ ಇದೇ ಜಾತಿ. 11 ವರ್ಷದಿಂದ ಕೊಟ್ಟಿಗೇಲಿ ಬಿದ್ದಿತ್ತು.

ಎಲೆಕ್ಟ್ರಾನಿಕ್ ಸಿಟಿ ಹತ್ರ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆ. ಮುಟ್ಟಲೂ ಇಲ್ಲ, "ಗುಜರಿಗೆ ಹಾಕಿ ಯಜಮಾನ್ರೇ" ಅಂದ. ಸಿಟ್ಟು ಬಂತು, ವಾಪಸ್ ತಂದೆ.

ಹಗ್ಗ ಎಳೆದ್ರೆ ತಿರುಗ್ತಿತ್ತು, ಅಂದ್ರೆ ಪಿಸ್ಟನ್ ಹಿಡಿದಿಲ್ಲ. ಪ್ಲಗ್ ಬಿಚ್ಚಿ ಬಾಡಿಗೆ ತಾಗಿಸಿ ಎಳೆದೆ, ಕಿಡಿ ಬಂತು. (ಪೆಟ್ರೋಲ್ ದೂರ ಇಟ್ಟು ನೋಡಿ.) ಹಾಗಾದ್ರೆ ತೊಂದರೆ ಎಣ್ಣೆ ದಾರೀಲಿ. ಕಾರ್ಬರೇಟರ್ ಬಟ್ಟಲು ತೆಗೆದ್ರೆ ಹಳೇ ಪೆಟ್ರೋಲ್ ಬೆಲ್ಲದ ಪಾಕದ ಥರ ಅಂಟಿ ಕೂತಿದೆ! ಜೆಟ್ ತೂತು ಕಾಣಿಸ್ತಾನೇ ಇಲ್ಲ. ತಂತಿ ಹಾಕಿ ತಿವೀಬೇಡಿ, ಅದು ಹಿತ್ತಾಳೆ. ತೂತು ಅಗಲ ಆದ್ರೆ ಎಣ್ಣೆ ಜಾಸ್ತಿ ಕುಡಿದು ಕಪ್ಪು ಹೊಗೆ ಬಿಡುತ್ತೆ. ರಾತ್ರಿಯೆಲ್ಲಾ ಪೆಟ್ರೋಲಲ್ಲಿ ನೆನೆಸಿ, ಬೆಳಗ್ಗೆ ಸೈಕಲ್ ಪಂಪಲ್ಲಿ ಗಾಳಿ ಹೊಡೆದೆ. ಬಿರುಕು ಬಿಟ್ಟ ರಬ್ಬರ್ ಪೈಪ್ ಬದಲಾಯಿಸಿದೆ, ಆಯಿಲ್ ಹೊಸದು ಹಾಕಿದೆ.

ಎಷ್ಟೋ ಸಲ ಎಳೆದು ಭುಜ ಬಿದ್ದೋಯ್ತು. ಆಮೇಲೆ ಕೆಮ್ಮಿ ಕೆಮ್ಮಿ ಹಿಡ್ಕೊಂಡ್ತು.

ಸದ್ದು ಕೇಳಿ ಅಮ್ಮ ಒಳಗಿಂದ ಬಂದ್ಲು. "ನಿಮ್ಮಪ್ಪ ಎತ್ತಿಡೋ ಮುಂಚೆ ನಲ್ಲಿ ಮುಚ್ಚಿ, ಅದಾಗದೇ ನಿಲ್ಲೋ ತನಕ ಕಾಯ್ತಿದ್ರು. ಆಫ್ ಮಾಡಿ ಹಂಗೇ ಎತ್ತಿಟ್ಟೋನು ನೀನೇ ಕಣೋ" ಅಂದ್ಲು. ನಾನು ಬಾಯಿ ಬಿಡಲಿಲ್ಲ.

ಸೀಮೆಎಣ್ಣೆ ಸಿಗಲಿಲ್ಲ, ಪೆಟ್ರೋಲಲ್ಲೇ ಓಡಿಸಿದೆ. ಖರ್ಚು ಜಾಸ್ತಿನೇ. ಮೇಲಿನ ಎರಡು ಸಾಲು ಒಣಗೋಯ್ತು, ಉಳಿದದ್ದು ಕಾಯಿ ಕಚ್ಚಿದೆ. ಈ ಸಲ ನಲ್ಲಿ ಮುಚ್ಚಿ ಪಕ್ಕದಲ್ಲೇ ಕೂತಿದ್ದೆ, ತಾನೇ ನಿಲ್ಲೋ ತನಕ.